ಗಮಕ ಕೆಡದಂತೆ ಶ್ರುತಿ ತಿದ್ದುವುದು: ಸ್ಟ್ರೀಮಿಂಗ್‌ಗೆ ಹೊರಟ ಭಾವಗೀತೆಯ ದನಿಗೆ ಏನೇನು ಮಾಡಬೇಕು

ಈಗ ಬಿಡುಗಡೆಯಾಗುವ ಹಾಡುಗಳಲ್ಲಿ ಶ್ರುತಿ ತಿದ್ದದ ದನಿ ಸಿಗುವುದು ಅಪರೂಪ. ಸ್ಟುಡಿಯೊ ಬಾಡಿಗೆ ಗಂಟೆಯ ಲೆಕ್ಕ, ಗಾಯಕರಿಗೆ ಪುರುಸೊತ್ತಿಲ್ಲ. ‘ಆಮೇಲೆ ಸರಿ ಮಾಡಿಕೊಳ್ಳೋಣ’ ಎಂದೇ ಟೇಕ್ ಓಕೆಯಾಗುತ್ತದೆ. ತಿದ್ದುವುದು ತಪ್ಪಲ್ಲ. ಆದರೆ ಯಾವುದನ್ನು ತಪ್ಪು ಎಂದು ಸಾಧನ ಎಣಿಸುತ್ತದೆ ಎನ್ನುವುದು ಗೊತ್ತಿರಬೇಕು. 1997ರಲ್ಲಿ ಬಂದ, ಶ್ರುತಿ ತಿದ್ದುವ ಸಾಫ್ಟ್‌ವೇರ್ ಆಟೋ-ಟ್ಯೂನ್ ಅನ್ನು ರೂಪಿಸಿದ ಆಂಡಿ ಹಿಲ್ಡೆಬ್ರಾಂಡ್ ಅದಕ್ಕೂ ಮೊದಲು ತೈಲ ನಿಕ್ಷೇಪ ಹುಡುಕಲು ನೆಲದೊಳಗಿನ ಕಂಪನದ ಅಲೆಗಳನ್ನು ವಿಶ್ಲೇಷಿಸುತ್ತಿದ್ದವರು. ಅವರ ಈ ಪ್ಲಗಿನ್ (ಧ್ವನಿಮುದ್ರಣ ಸಾಫ್ಟ್‌ವೇರ್‌ಗೆ ಸೇರಿಸಿಕೊಳ್ಳುವ ಸಾಧನ) ಹಾಕಿದ ಕೂಡಲೇ ಎದುರಿಗಿರುವುದು ಹನ್ನೆರಡು ಸ್ವರಸ್ಥಾನ. ಎರಡರ ನಡುವೆ ಇರುವುದೆಲ್ಲ ಅದರ ಲೆಕ್ಕದಲ್ಲಿ ಜಾರಿದ ಸ್ವರ. ನಮ್ಮ ಹಾಡಿಕೆಯ ಅರ್ಧ ಕೆಲಸ, ಅಂದರೆ ಸ್ವರವನ್ನು ತೂಗಿ ಜಾರಿಸುವ ಗಮಕ, ನಡೆಯುವುದೇ ಆ ನಡುವೆ.

ಧ್ವನಿಮುದ್ರಣಕ್ಕೆ ಮುಂಚೆ

ಮೊದಲು ತಂಬೂರಿಯನ್ನೂ ಕೀಬೋರ್ಡನ್ನೂ ಒಂದು ಟ್ಯೂನರ್‌ನಲ್ಲಿ ನೋಡಿ. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯ ಫೈನ್ ಟ್ಯೂನಿಂಗ್ ತಿರುಪು ಸ್ವಲ್ಪ ಸರಿದಿದ್ದರೆ ಅದು 440 ಹರ್ಟ್ಜ್‌ನ ‘ಎ’ ಸ್ವರಕ್ಕೆ ಹೊಂದಿಸಿದ ಕೀಬೋರ್ಡಿಗಿಂತ 15–20 ಸೆಂಟ್ (ಪಕ್ಕಪಕ್ಕದ ಎರಡು ಸ್ವರಸ್ಥಾನಗಳ ಅಂತರದ ನೂರರಲ್ಲೊಂದು ಭಾಗ ಒಂದು ಸೆಂಟ್) ಮೇಲೋ ಕೆಳಗೋ ನಿಂತಿರುತ್ತದೆ. ಗಾಯಕಿ ತಂಬೂರಿಗೆ ಸರಿಯಾಗಿಯೇ ಹಾಡಿರುತ್ತಾರೆ, ಪ್ಲಗಿನ್ ಮಾತ್ರ ಇಡೀ ಹಾಡನ್ನು ಅಪಸ್ವರ ಎಂದು ತೋರಿಸುತ್ತದೆ. ತಿರುಪನ್ನು ಸರಿಮಾಡಿ, ಆಗದಿದ್ದರೆ ಪ್ಲಗಿನ್‌ನ 440ರ ಜಾಗದಲ್ಲಿ ತಂಬೂರಿಗೆ ಹೊಂದುವ ಸಂಖ್ಯೆ ಕೊಡಿ.

24 ಬಿಟ್, 48 ಕಿಲೊಹರ್ಟ್ಜ್ ಇಟ್ಟುಕೊಳ್ಳಿ. ವಿಡಿಯೊಗೂ ಅದೇ ದರ ಬೇಕಾಗುತ್ತದೆ. ಮೈಕ್‌ನಿಂದ 15–20 ಸೆಂಟಿಮೀಟರ್ ದೂರ, ನಡುವೆ ಪಾಪ್ ಫಿಲ್ಟರ್. ತಾರಸ್ಥಾಯಿಯ ಸಾಲು ಹಾಡಿಸಿ ನೋಡಿದಾಗ ಮೀಟರ್ ಮೈನಸ್ 10 ಡಿಬಿ (ಡೆಸಿಬೆಲ್, ಸದ್ದಿನ ಅಳತೆ) ದಾಟಬಾರದು. ಹೆಡ್‌ಫೋನ್ ಹಿಂಬದಿ ಮುಚ್ಚಿದ ಬಗೆಯದೇ ಆಗಿರಲಿ: ತಂಬೂರಿ ಸೋರಿ ಮೈಕ್‌ಗೆ ಬಿದ್ದರೆ ಮುಂದೆ ಪ್ಲಗಿನ್ ದನಿಯ ಬದಲು ಆ ಷಡ್ಜವನ್ನೇ ಹಿಡಿದು ಮಂದ್ರದ ಸ್ವರಗಳಲ್ಲಿ ಗುಳುಗುಳು ಎನ್ನಿಸುತ್ತದೆ. ತಿದ್ದಿದ ದನಿಯನ್ನು ಹಾಡುವಾಗಲೇ ಕಿವಿಗೆ ಕೊಡುವ ಸೌಲಭ್ಯವೂ ಇದೆ. ಅದನ್ನು ಬಳಸಲೇಬೇಡಿ, ಗಾಯಕರು ಶ್ರುತಿ ಬಿಟ್ಟು ಯಂತ್ರಕ್ಕೆ ಹಾಡತೊಡಗುತ್ತಾರೆ.

ಪೂರ್ತಿ ಹಾಡಿನ ನಾಲ್ಕು ಟೇಕ್ ತೆಗೆದುಕೊಂಡು ಸಾಲು ಸಾಲಾಗಿ ಒಳ್ಳೆಯದನ್ನು ಆರಿಸಿ ಜೋಡಿಸಿ. ಹೀಗೆ ಮಾಡಿದರೆ ತಿದ್ದಬೇಕಾದದ್ದು ಬೆರಳೆಣಿಕೆಯಷ್ಟು ಉಳಿಯುತ್ತದೆ.

ತಿದ್ದುವ ಕೆಲಸ

ಶ್ರುತಿ ತಿದ್ದುವ ಪ್ಲಗಿನ್ ಸರಪಳಿಯಲ್ಲಿ ಎಲ್ಲಕ್ಕಿಂತ ಮೊದಲು ಇರಬೇಕು. ದನಿಗೆ ಅನುರಣನ ಕೊಡುವ ರಿವರ್ಬ್ ಆದ ಮೇಲೆ ಹಾಕಿದರೆ ಹಿಂದಿನ ಸ್ವರದ ಬಾಲ ಮುಂದಿನದರ ಮೇಲೆ ಬಿದ್ದು ಲೆಕ್ಕ ತಪ್ಪುತ್ತದೆ.

ಆಟೊ ಮೋಡ್‌ನಲ್ಲೇ ಮುಗಿಸುವುದಾದರೆ ರೀಟ್ಯೂನ್ ಸ್ಪೀಡ್, ಅಂದರೆ ಜಾರಿದ ಸ್ವರವನ್ನು ಸ್ಥಾನಕ್ಕೆ ಎಳೆಯಲು ಪ್ಲಗಿನ್ ತೆಗೆದುಕೊಳ್ಳುವ ಮಿಲಿಸೆಕೆಂಡ್ ಲೆಕ್ಕ, ಮುಖ್ಯ. ಸೆಕೆಂಡಿಗೆ ಐದು ಸಲ ತೂಗುವ ಕಂಪಿತವೆಂದರೆ ಒಂದು ತೂಗಿಗೆ 200 ಮಿಲಿಸೆಕೆಂಡ್, ಮೇಲೇರಲು 100, ಇಳಿಯಲು 100. ರೀಟ್ಯೂನ್ 20ರಲ್ಲಿದ್ದರೆ ಪ್ಲಗಿನ್ ಪ್ರತಿ ಏರಿಳಿತವನ್ನೂ ಅಟ್ಟಿಸಿಕೊಂಡು ಹೋಗಿ ಮೆಟ್ಟಿಲು ಮಾಡಿಬಿಡುತ್ತದೆ. ಸೊನ್ನೆಗೆ ಇಳಿಸಿದರೆ ರೋಬೋಟ್ ದನಿ. 100ಕ್ಕಿಂತ ಮೇಲಿಟ್ಟು, ಸ್ವರದ ಹತ್ತಿರ ಬಂದಾಗ ಮಾತ್ರ ಎಳೆಯುವ ಫ್ಲೆಕ್ಸ್-ಟ್ಯೂನ್ ಅನ್ನು ಏರಿಸಿ. ಐದು ಮನೆ ಶ್ರುತಿಯ ಮೋಹನ ಎಂದರೆ ಜಿ, ಎ, ಬಿ, ಡಿ, ಇ. ಆ ಐದನ್ನೇ ಟಿಕ್ ಮಾಡಿದರೆ ಸಾಕು ಅನ್ನಿಸುತ್ತದೆ. ಆದರೆ ಗಾಂಧಾರದಿಂದ ಪಂಚಮಕ್ಕೆ ಜಾರುವಾಗ ನಡುವೆ ತಂಗಲು ಸ್ಥಾನವೇ ಇಲ್ಲದ ಕಾರಣ ಜಾರು ಹೋಗಿ ಜಿಗಿತವಾಗುತ್ತದೆ. ಅಂಥ ಕಡೆ ಪ್ಲಗಿನ್ ತಾನಾಗಿ ಸುಮ್ಮನಾಗುವಂತೆ ಬೈಪಾಸ್ ಆಟೊಮೇಷನ್ ಬರೆಯಿರಿ.

ನಾವು ಹೇಳುವುದಾದರೆ, ಭಾವಗೀತೆಗೆ ಕೈಯಲ್ಲೇ ತಿದ್ದಬೇಕು. ಮೆಲೊಡೈನ್‌ನಂಥ ಸಾಧನದಲ್ಲಿ ಪ್ರತಿ ಸ್ವರ ಒಂದು ಉಂಡೆಯಾಗಿ, ಅದರ ಮೇಲೆ ನಿಜವಾದ ಏರಿಳಿತ ಗೆರೆಯಾಗಿ ಕಾಣುತ್ತದೆ. ಉಂಡೆಯ ಮಧ್ಯಬಿಂದು ಬರೀ ಸರಾಸರಿ. ತೋಡಿಯ ಗಾಂಧಾರ ಒಂದೆಡೆ ನಿಲ್ಲುವುದೇ ಇಲ್ಲ, ರಿಷಭದ ಕಡೆಯಿಂದ ಮಧ್ಯಮದ ಕಡೆಗೆ ತೂಗುತ್ತಲೇ ಇರುತ್ತದೆ; ಅದರ ಸರಾಸರಿ ಎಲ್ಲಿ ಬೀಳುತ್ತದೋ ಹೇಳಲಾಗದು. ಎಲ್ಲವನ್ನೂ ಆಯ್ದು ಮಧ್ಯಬಿಂದುವನ್ನು 100 ಪ್ರತಿಶತ ಸ್ವರಸ್ಥಾನಕ್ಕೆ ಎಳೆದರೆ ಇಡೀ ಗಮಕ ಹಾಗೆಯೇ ಮೇಲೋ ಕೆಳಗೋ ಸರಿದು ರಾಗವೇ ಬೇರೆ ಕೇಳಿಸುತ್ತದೆ. ಆದ್ದರಿಂದ ನ್ಯಾಸಸ್ವರಗಳನ್ನು, ಅಂದರೆ ಸಾಲಿನ ಕೊನೆಯಲ್ಲಿ ಅರ್ಧ ಸೆಕೆಂಡಿಗಿಂತ ಹೆಚ್ಚು ನಿಂತದ್ದನ್ನು ಮಾತ್ರ ಮುಟ್ಟಿ. ಗಮಕದ ತುದಿಯಲ್ಲಿ ದನಿ ನಿಲ್ಲುತ್ತಿದ್ದರೆ ಅಲ್ಲಿಗೆ ಉಂಡೆಯನ್ನು ತುಂಡು ಮಾಡಿ ನಿಂತ ಭಾಗವನ್ನಷ್ಟೇ ಸರಿಸಿ. ನಿಂತ ಸ್ವರ ಮೆಲ್ಲಗೆ ಕುಸಿಯುತ್ತಿದ್ದರೆ ಪಿಚ್ ಡ್ರಿಫ್ಟ್ ಸಾಧನವನ್ನು 40–60 ಪ್ರತಿಶತಕ್ಕೆ ಎಳೆಯಿರಿ. ಸ್ವರದ ಏರಿಳಿತವನ್ನೇ ಕುಗ್ಗಿಸುವ ಮಾಡ್ಯುಲೇಷನ್ ಮುಟ್ಟಬೇಡಿ. 10 ಸೆಂಟ್ ಒಳಗಿನ ವ್ಯತ್ಯಾಸ ಕಣ್ಣಿಗೆ ಕುಟುಕುತ್ತದೆಯೇ ಹೊರತು ಕಿವಿಗಲ್ಲ.

ಅಂತರ ಗಾಂಧಾರದ ವಿಷಯ ಬೇರೆ. ತಂಬೂರಿಯ ಮಂದ್ರ ತಂತಿಯಿಂದ ತಾನಾಗಿ ಏಳುವ ಗಾಂಧಾರ ಷಡ್ಜದಿಂದ 386 ಸೆಂಟ್‌ನಲ್ಲಿದೆ, ಕೀಬೋರ್ಡಿನದು 400ರಲ್ಲಿ. ಬರೀ ತಂಬೂರಿ, ಕೊಳಲಿನ ಹಾಡಿನಲ್ಲಿ ಅದನ್ನು 400ಕ್ಕೆ ಎಳೆದರೆ ನಿಂತ ಸ್ವರದಲ್ಲಿ ಅಲೆಯೇಳುವುದು ಕೇಳಿಸುತ್ತದೆ. ಹಿಂದೆ ಪ್ಯಾಡ್, ಗಿಟಾರ್ ಕಾರ್ಡ್ ತುಂಬಿದ್ದರೆ 400ರ ಹತ್ತಿರ ಹೋಗುವುದೇ ಸರಿ. ವಾದ್ಯಗೋಷ್ಠಿ ನಿರ್ಧಾರವಾಗುವವರೆಗೆ ದನಿ ತಿದ್ದಲು ಕೂರಬೇಡಿ ಎನ್ನುವುದು ಇದಕ್ಕೇ. ತಿದ್ದದ ಮೂಲ ಟ್ರ್ಯಾಕನ್ನು ಬೇರೆಯಾಗಿ ಉಳಿಸಿಕೊಳ್ಳಿ.

ದನಿಯ ಉಳಿದ ಉಪಚಾರ

80 ಹರ್ಟ್ಜ್ ಕೆಳಗಿನದನ್ನು ಕತ್ತರಿಸಿ. ಜೋರಾದ ಭಾಗಗಳನ್ನು ತಗ್ಗಿಸುವ ಕಂಪ್ರೆಸರ್ ಒಂದೇ 8 ಡಿಬಿ ಒತ್ತುವ ಬದಲು ಎರಡು ಇಡಿ: ಮೊದಲನೆಯದು 4:1, ಅಟ್ಯಾಕ್ 5 ಮಿಲಿಸೆಕೆಂಡ್, ಎರಡನೆಯದು 2:1, ನಿಧಾನ. ಎರಡೂ 3 ಡಿಬಿಯಷ್ಟೇ ಇಳಿಸಲಿ. ಇದರಿಂದ ಉಸಿರಿನ ಸದ್ದು ಮೇಲೇಳುತ್ತದೆ. ಉಸಿರನ್ನು ಅಳಿಸದೆ 6 ಡಿಬಿ ತಗ್ಗಿಸಿ. ಸಕಾರಗಳ ಚುಚ್ಚು ತಗ್ಗಿಸುವ ಡಿ-ಎಸರ್ 5ರಿಂದ 8 ಕಿಲೊಹರ್ಟ್ಜ್ ನಡುವೆ, 3–4 ಡಿಬಿ ಸಾಕು. ಹೆಚ್ಚಾದರೆ ಶಕಾರ, ಸಕಾರ, ಷಕಾರಗಳ ಅಂಚು ಸವೆದು ‘ಆಶೆ’, ‘ಆಸೆ’ ಒಂದೇ ಆಗುತ್ತವೆ. ಕವಿತೆ ಹಾಡುವಾಗ ಅದು ಸಣ್ಣ ನಷ್ಟವಲ್ಲ.

ಮಿಕ್ಸ್ ಅನ್ನು ಫೋನಿನ ಸ್ಪೀಕರಿನಲ್ಲಿ ಕೇಳಿ. ಡಗ್ಗಾದ ಗುಮ್ಮು 100 ಹರ್ಟ್ಜ್ ಆಸುಪಾಸಿನದು, ಅಷ್ಟು ಕೆಳಗಿನದು ಫೋನಿನಲ್ಲಿ ಬರುವುದೇ ಇಲ್ಲ. ವಾಲ್ಯೂಮ್ ಏರಿಸಿ ಪ್ರಯೋಜನವಿಲ್ಲ. ಡಗ್ಗಾದ ಟ್ರ್ಯಾಕಿಗೆ ಸ್ವಲ್ಪ ಸ್ಯಾಚುರೇಷನ್ (ಹದವಾದ ವಿರೂಪ) ಕೊಟ್ಟರೆ 200–400 ಹರ್ಟ್ಜ್‌ನಲ್ಲಿ ಹಾರ್ಮೋನಿಕ್‌ಗಳು ಹುಟ್ಟಿ ಪೆಟ್ಟು ಕೇಳಿಸುತ್ತದೆ.

ಎಷ್ಟು ಜೋರು?

ಸ್ಪಾಟಿಫೈ ಮಾಮೂಲಿ ಸೆಟ್ಟಿಂಗ್‌ನಲ್ಲಿ ಹಾಡುಗಳನ್ನು ಮೈನಸ್ 14 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಕೇಳುವ ಸರಾಸರಿ ಜೋರಿನ ಮಾನ; ಸೊನ್ನೆಗೆ ಹತ್ತಿರವಾದಷ್ಟೂ ಜೋರು) ಹೊಂದಿಸುತ್ತದೆ, ಆಪಲ್ ಮ್ಯೂಸಿಕ್ ಮೈನಸ್ 16ಕ್ಕೆ. ಮೈನಸ್ 8ಕ್ಕೆ ಒತ್ತಿ ಕಳಿಸಿದರೆ ಸ್ಪಾಟಿಫೈ 6 ಡಿಬಿ ಇಳಿಸುತ್ತದೆ: ಜೋರಿನ ಲಾಭ ಹೋಯಿತು, ಚಪ್ಪಟೆಯಾದ ತಬಲಾ ಉಳಿಯಿತು. ಆದರೂ ಆಡಿಯೊ ಕಂಪನಿಗಳು ಜೋರು ಕೇಳುತ್ತವೆ, ಏಕೆಂದರೆ ಈ ಹೊಂದಾಣಿಕೆಯನ್ನು ಕೇಳುಗ ಆಫ್ ಮಾಡಿಡಬಹುದು, ಆಗ ಪಕ್ಕದ ಸಿನಿಮಾ ಹಾಡಿನ ಮುಂದೆ ನಮ್ಮದು ಸಪ್ಪೆ. ಭಾವಗೀತೆಗೆ ಮೈನಸ್ 14, ಡ್ರಮ್ಸ್ ಇರುವ ಹಾಡಿಗೆ ಮೈನಸ್ 11ರವರೆಗೆ ಹೋಗಿ ನಿಲ್ಲಿಸುವುದು ನ್ಯಾಯವಾದ ರಾಜಿ. ಟ್ರೂ ಪೀಕ್ (ಅಲೆಯ ನಿಜವಾದ ಶಿಖರ) ಮೈನಸ್ 1 ಡಿಬಿ, ಮೈನಸ್ 14ಕ್ಕಿಂತ ಜೋರಿದ್ದರೆ ಮೈನಸ್ 2. ವೇವ್ ಫೈಲನ್ನು ಕುಗ್ಗಿಸುವಾಗ ಶಿಖರಗಳು ಮೂಲಕ್ಕಿಂತ ಮೇಲೇಳುವುದರಿಂದ ಆ ಜಾಗ ಬೇಕು.

ಮೂವತ್ತು ಸೆಕೆಂಡ್

ಸ್ಪಾಟಿಫೈಯಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಸ್ಟ್ರೀಮ್ ಲೆಕ್ಕಕ್ಕೆ ಬರುತ್ತದೆ. 40 ಸೆಕೆಂಡಿನ ಪೀಠಿಕಾ ವಾದ್ಯಸಂಗೀತ ಮಾಯವಾಗಿದ್ದರ ಹಿಂದೆ ಈ ಲೆಕ್ಕವೂ ಇದೆ. ಎರಡು ಆವೃತ್ತಿ ಮಾಡಿ: ಪಲ್ಲವಿ 15 ಸೆಕೆಂಡ್ ಒಳಗೆ ಶುರುವಾಗುವುದು ಒಂದು, ಆಲಾಪ ಸಹಿತ ಪೂರ್ಣ ರೂಪ ಇನ್ನೊಂದು. ಇವೆರಡಕ್ಕೂ ಬೇರೆ ಬೇರೆ ಐಎಸ್‌ಆರ್‌ಸಿ (ಪ್ರತಿ ಧ್ವನಿಮುದ್ರಣದ ಗುರುತು ಸಂಖ್ಯೆ) ಬೇಕು. ಜೊತೆಗೆ ಕರೋಕೆ ಟ್ರ್ಯಾಕ್ ಮತ್ತು ರೀಲ್ಸ್‌ಗೆ ಪಲ್ಲವಿಯ 30 ಸೆಕೆಂಡ್ ತುಣುಕನ್ನು ಅದೇ ಕೂರಿಕೆಯಲ್ಲಿ ತೆಗೆದಿಡಿ. ಆರು ತಿಂಗಳ ಮೇಲೆ ಪ್ರಾಜೆಕ್ಟ್ ತೆರೆದರೆ ಅರ್ಧ ಪ್ಲಗಿನ್ ತೆರೆಯುವುದಿಲ್ಲ.

ಹಾಡನ್ನು ಸ್ಟ್ರೀಮಿಂಗ್ ತಾಣಗಳಿಗೆ ತಲುಪಿಸುವ ವಿತರಕರ ಫಾರಂ ತುಂಬುವಾಗ ಕವಿ ಮತ್ತು ಸಂಗೀತ ಸಂಯೋಜಕರ ಹೆಸರಿನ ಇಂಗ್ಲಿಷ್ ಕಾಗುಣಿತ ಎಲ್ಲ ಕಡೆ ಒಂದೇ ಇರಲಿ, ಕವಿ, ಸಂಯೋಜಕರ ರಾಯಧನ ಸಂಗ್ರಹಿಸುವ ಸಂಸ್ಥೆ ಐಪಿಆರ್‌ಎಸ್‌ನಲ್ಲಿ ಕೃತಿ ನೋಂದಾಯಿಸುವಾಗಲೂ. ಅಕ್ಷರ ಬದಲಾದರೆ ರಾಯಧನ ಯಾರದೆಂದು ಹೊಂದಿಸುವುದು ಕಷ್ಟ. ಸ್ಪಾಟಿಫೈ ಸಂಪಾದಕರ ಪ್ಲೇಲಿಸ್ಟಿಗೆ ಹಾಡನ್ನು ಸೂಚಿಸಲು ಬಿಡುಗಡೆಗೆ ಕನಿಷ್ಠ 7 ದಿನ ಮುಂಚೆ ಅದು ಅವರ ಕೈ ಸೇರಿರಬೇಕು. ವಿತರಕರು ತೆಗೆದುಕೊಳ್ಳುವ ದಿನಗಳನ್ನೂ ಸೇರಿಸಿ ಮೂರು ವಾರ ಮೊದಲೇ ಅಪ್‌ಲೋಡ್ ಮಾಡಿ.