ಚಕ್ರತಾಳಕ್ಕೆ ನೆಗಡಿ: ಎಂಪಿ3 ಕತ್ತರಿಸಲು ನಾನು ಕಲಿತ ಬಗೆ

ಸೋದರಮಾವನ ಹತ್ತಿರ ಒಂದು ತಾಳಮದ್ದಲೆಯ (ವೇಷವಿಲ್ಲದೆ ಕೂತು, ಭಾಗವತರು ಹಾಡುವ ಪದ್ಯಕ್ಕೆ ಅರ್ಥಧಾರಿಗಳು ಮಾತಿನಲ್ಲಿ ಅರ್ಥ ಹೇಳುವ ಯಕ್ಷಗಾನ) ರೆಕಾರ್ಡಿಂಗ್ ಇತ್ತು. ನಮ್ಮೂರ ದೇವಸ್ಥಾನದಲ್ಲಿ ನಡೆದದ್ದು, ಪೂರ್ತಿ ನಾಲ್ಕು ಗಂಟೆ. ಭಾಗವತರ ಮುಂದೆ ಸಣ್ಣದೊಂದು ಡಿಜಿಟಲ್ ರೆಕಾರ್ಡರ್ ಇಟ್ಟು ಹಿಡಿದಿದ್ದರು. 128 ಕೆಬಿಪಿಎಸ್‌ನ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3, ಹತ್ತಿರಹತ್ತಿರ 230 ಎಂಬಿ. "ಪದ್ಯ, ಅರ್ಥ ಬೇರೆಬೇರೆ ತುಂಡು ಮಾಡಿಕೊಡು. ನಡುವೆ ಮೈಕ್ ಸರಿಮಾಡಿದ್ದು, ಊಟಕ್ಕೆ ಕರೆದದ್ದು ಎಲ್ಲ ಬೇಡ" ಅಂದರು.

ಅಷ್ಟೇ ಅಲ್ವಾ ಅಂದುಕೊಂಡೆ. ಆಡಾಸಿಟಿ ಎಂಬ ಆಡಿಯೋ ತಿದ್ದುವ ತಂತ್ರಾಂಶದಲ್ಲಿ ತೆರೆದು, ಬೇಡದ್ದನ್ನು ಕತ್ತರಿಸಿ, ಎಂಪಿ3 ಆಗಿಯೇ ಎಕ್ಸ್‌ಪೋರ್ಟ್ ಮಾಡಿದೆ. ಮರುದಿನ ಅದೇ ಫೈಲ್ ತೆರೆದು ಮತ್ತೆ ತುಂಡು ಮಾಡಿದೆ. ಅರ್ಥಧಾರಿಗಳ ಧ್ವನಿ ಸಣ್ಣದಾಯಿತು ಅನ್ನಿಸಿ ಮೂರನೆಯ ಸಲ ವಾಲ್ಯೂಮ್ ಏರಿಸಿ ಸೇವ್ ಮಾಡಿದೆ. ಮಾವ ಎರಡು ನಿಮಿಷ ಕೇಳಿದರು. "ಇದೇನು ಮಾರಾಯ, ಚಕ್ರತಾಳಕ್ಕೆ ನೆಗಡಿ ಆಗಿದೆಯಾ?"

ಹೌದು, ಆಗಿತ್ತು. ಮೂಲದಲ್ಲಿ ಛಣ್ ಅನ್ನುತ್ತಿದ್ದ ಲೋಹದ ತಾಳ ನನ್ನ ಫೈಲಿನಲ್ಲಿ ಶ್ಶ್ ಅನ್ನುತ್ತಿತ್ತು. ಶ್ರುತಿ ನೀರೊಳಗಿಂದ ಬಂದ ಹಾಗಿತ್ತು. ಮಾತಿಗೆ ಅಷ್ಟೇನೂ ಆಗಿರಲಿಲ್ಲ, ಅದಕ್ಕೇ ನನಗೆ ಮೊದಲು ಗೊತ್ತಾಗಲಿಲ್ಲ.

ತಪ್ಪು ಸಾಫ್ಟ್‌ವೇರಿನದಲ್ಲ, ನನ್ನದೇ. ಎಂಪಿ3 ಮಾಡುವಾಗ ಕಿವಿಗೆ ಅಷ್ಟಾಗಿ ಬೀಳದ ಸದ್ದನ್ನೆಲ್ಲ ಬಿಸಾಡುತ್ತಾರೆ. ಸಿಡಿಯ ಗುಣಮಟ್ಟಕ್ಕೆ ಸೆಕೆಂಡಿಗೆ 1411 ಕಿಲೋಬಿಟ್ ಬೇಕು, ಇಲ್ಲಿ 128ರಲ್ಲೇ ಮುಗಿಸಬೇಕು. ಆಡಾಸಿಟಿ ಆ ಫೈಲನ್ನು ಪೂರ್ತಿ ಬಿಡಿಸಿ ಹರಡುತ್ತದೆ. ಎಂಪಿ3 ಆಗಿ ಎಕ್ಸ್‌ಪೋರ್ಟ್ ಮಾಡಿದಾಗ ಮತ್ತೆ ಹೊಸದಾಗಿ ಒತ್ತಿ ಸಣ್ಣದು ಮಾಡಬೇಕು (ಇದೇ ಮರು ಎನ್‌ಕೋಡಿಂಗ್), ಮತ್ತೆ ಒಂದಿಷ್ಟು ಹೋಗುತ್ತದೆ. ಹಿಂದೆ ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ಕಾಪಿ ಮಾಡುತ್ತಾ ಹೋದಾಗ ಸದ್ದು ಕೆಡುತ್ತಿತ್ತಲ್ಲ, ಅದೇ ಕಥೆ. ತಾಳದ ಸದ್ದು ಥಟ್ಟನೆ ಏಳುತ್ತದೆ, ಅದರಲ್ಲಿ ಮೇಲಿನ ಕಂಪನಗಳು ಜಾಸ್ತಿ. ಆದ್ದರಿಂದ ಮೊದಲ ಪೆಟ್ಟು ಬೀಳುವುದು ಅದಕ್ಕೇ.

ಆಮೇಲೆ ಹಿಡಿದ ದಾರಿ ಬೇರೆ. ಎಂಪಿ3 ಅಂದರೆ ಸಣ್ಣಸಣ್ಣ ಫ್ರೇಮ್‌ಗಳ ಸಾಲು. ಒಂದೊಂದು ಫ್ರೇಮಿನಲ್ಲಿ 1152 ಸ್ಯಾಂಪಲ್ (ಸದ್ದಿನ ಅಳತೆ), 44.1 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 44,100 ಸ್ಯಾಂಪಲ್ ಇದ್ದಾಗ, ಸುಮಾರು 26 ಮಿಲಿಸೆಕೆಂಡು. ಮಲ್ಲಿಗೆ ಮಾಲೆಯನ್ನು ಎರಡು ಹೂವಿನ ನಡುವೆ ಕತ್ತರಿಸಿದ ಹಾಗೆ ಇದನ್ನೂ ಕತ್ತರಿಸಬಹುದು. ಹೂವೆಲ್ಲ ಬಿಚ್ಚಿ ಮತ್ತೆ ಕಟ್ಟಬೇಕಾಗಿಲ್ಲ. ಎಂಪಿ3ಡೈರೆಕ್ಟ್‌ಕಟ್ ಎಂಬ ಉಚಿತ ವಿಂಡೋಸ್ ತಂತ್ರಾಂಶ ಮಾಡುವುದು ಇದನ್ನೇ. ನಾಲ್ಕು ಗಂಟೆಯ ಫೈಲ್‌ನಿಂದ ಒಂದು ತುಂಡು ತೆಗೆದು ಉಳಿಸಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕಾಯಿತು. ಮರು ಎನ್‌ಕೋಡಿಂಗ್ ಇಲ್ಲದಿದ್ದರೆ ಕೆಲಸವೇನಿದೆ, ಬರೀ ಕಾಪಿ ತಾನೇ!

ಒಂದು ಕಡೆ ಮಾತ್ರ ಎಡವಿದೆ. ಪದ್ಯ ಶುರುವಾಗುವ ಜಾಗಕ್ಕೇ ಸರಿಯಾಗಿ ಕತ್ತರಿಸಿದ್ದೆ, ಮೊದಲ ಅಕ್ಷರ ನುಂಗಿಹೋಗಿತ್ತು. ಕಾರಣ ತಿಳಿಯಲು ಒಂದು ಸಂಜೆ ಬೇಕಾಯಿತು. ಎಂಪಿ3ಯಲ್ಲಿ ಒಂದು ಫ್ರೇಮಿನ ಮಾಹಿತಿ ಸ್ವಲ್ಪ ಹಿಂದಿನ ಫ್ರೇಮ್‌ಗಳ ಖಾಲಿ ಜಾಗದಲ್ಲೂ ಕೂತಿರುತ್ತದೆ. ಬಿಟ್ ರಿಸರ್ವಾಯರ್ ಅನ್ನುತ್ತಾರೆ. ಹಿಂದಿನದನ್ನು ಕತ್ತರಿಸಿ ಎಸೆದರೆ ತುಂಡಿನ ಮೊದಲ ಫ್ರೇಮ್‌ಗೆ ತನ್ನ ಪಾಲು ಸಿಗುವುದಿಲ್ಲ. ಆಗ ಪ್ಲೇಯರ್ ಒಂದು ಕ್ಷಣ ಸುಮ್ಮನಾಗುತ್ತದೆ, ಇಲ್ಲವೇ ಟಿಕ್ ಅನ್ನುತ್ತದೆ. ಈಗ ಅರ್ಧ ಸೆಕೆಂಡು ಮೊದಲೇ ಕತ್ತರಿ ಇಡುತ್ತೇನೆ.

ವಾಲ್ಯೂಮ್ ಏರಿಸಲೂ ಫೈಲ್ ಬಿಡಿಸಬೇಕಾಗಿಲ್ಲ ಎಂದು ತಿಳಿದಾಗ ನಿಜಕ್ಕೂ ಖುಷಿಯಾಯಿತು. ಎಷ್ಟು ಜೋರಾಗಿ ನುಡಿಸಬೇಕು ಎಂಬ ಒಂದು ಅಂಕಿ ಫ್ರೇಮ್‌ಗಳಲ್ಲೇ ಇರುತ್ತದೆ. ಎಂಪಿ3ಗೇನ್ ಎಂಬ ತಂತ್ರಾಂಶ ಆ ಅಂಕಿಯನ್ನಷ್ಟೇ ತಿದ್ದುತ್ತದೆ. ಆದರೆ ಒಂದೊಂದು ಮೆಟ್ಟಿಲಿಗೆ 1.5 ಡೆಸಿಬೆಲ್, ನಡುವೆ ನಿಲ್ಲಲು ಜಾಗವಿಲ್ಲ. ಮಾತಿನ ತುಂಡುಗಳಿಗೆ ಎರಡು ಮೆಟ್ಟಿಲು ಏರಿಸಿದೆ. ಚೆಂಡೆ ಇರುವ ತುಂಡನ್ನು ಮುಟ್ಟಲಿಲ್ಲ. ಅದು ಮೊದಲೇ ಮೇಲಿನ ಗೆರೆಗೆ, ಅಂದರೆ ಸದ್ದಿನ ಗರಿಷ್ಠ ಮಿತಿಗೆ, ತಾಗಿಕೊಂಡಿತ್ತು.

ಶುರುವಿಗೆ ಮಾವನ ನಾಲ್ಕು ಮಾತು ಸೇರಿಸಬೇಕಿತ್ತು. ಅದನ್ನು ಫೋನಿನಲ್ಲಿ ಹಿಡಿದಿದ್ದೆ: ಎಂ4ಎ, 48 ಕಿಲೋಹರ್ಟ್ಸ್, ಮೋನೋ. ಜಾತಿಯೇ ಬೇರೆ, ಹಾಗೇ ಅಂಟಿಸಲಾಗದು. ಅದೊಂದನ್ನು ಮಾತ್ರ 44.1, ಸ್ಟೀರಿಯೋ, 128ರ ಎಂಪಿ3 ಮಾಡಿ ಮುಂದಕ್ಕೆ ಜೋಡಿಸಿದೆ. ಅರ್ಧ ನಿಮಿಷದ ಮಾತು ಸ್ವಲ್ಪ ಸೊರಗಿದರೂ ಪರವಾಗಿಲ್ಲ, ನಾಲ್ಕು ಗಂಟೆಯದ್ದು ಹಾಗೇ ಉಳಿಯಿತಲ್ಲ. ಬರೀ ಎಂ4ಎ ಕತ್ತರಿಸುವುದಾದರೆ ನಾನು ಎಫ್‌ಎಫ್‌ಎಂಪೆಗ್ ಎಂಬ, ಆದೇಶ ಬರೆದು ನಡೆಸುವ ತಂತ್ರಾಂಶ ಬಳಸುತ್ತೇನೆ. ಶುರು, ಕೊನೆಯ ಸಮಯ ಕೊಟ್ಟು ಕೋಡೆಕ್ (ಒತ್ತುವ ವಿಧಾನ) ಕೇಳುವಲ್ಲಿ ಕಾಪಿ ಎಂದು ಬರೆದರೆ ಆಯಿತು.

ಇಷ್ಟಾದರೂ ಅನುಮಾನ ಹೋಗಲಿಲ್ಲ. ವಾಲ್ಯೂಮ್ ಮುಟ್ಟದ ಒಂದು ತುಂಡು ತೆಗೆದುಕೊಂಡೆ. ಅದನ್ನೂ ಮೂಲವನ್ನೂ ಆಡಾಸಿಟಿಯಲ್ಲಿ ಒಂದರ ಕೆಳಗೊಂದು ಇಟ್ಟು, ಸ್ಯಾಂಪಲ್‌ಗೆ ಸ್ಯಾಂಪಲ್ ಹೊಂದಿಸಿ, ಒಂದನ್ನು ಇನ್ವರ್ಟ್ ಮಾಡಿ (ಅಲೆಯನ್ನು ತಲೆಕೆಳಗು ಮಾಡಿ) ಒಟ್ಟಿಗೆ ನುಡಿಸಿದೆ. ಎರಡೂ ಒಂದೇ ಆದರೆ ಒಂದನ್ನೊಂದು ಹೊಡೆದುಹಾಕಬೇಕು. ಮೊದಲ ಚೂರು ಬಿಟ್ಟರೆ ಪೂರ್ತಿ ನಿಶ್ಶಬ್ದ. ವಾಲ್ಯೂಮ್ ಏರಿಸುವ ಮೊದಲಿನ ನನ್ನ ಹಳೆಯ ಫೈಲನ್ನೂ ಹಾಗೇ ಇಟ್ಟು ನೋಡಿದೆ. ಆ ಶ್ಶ್ ಮಾತ್ರ ಉಳಿದು ಪಿಸುಗುಡುತ್ತಿತ್ತು. ಕಳೆದುಕೊಂಡದ್ದು ಏನೆಂದು ಬೇರೆಯಾಗಿಯೇ ಕೇಳಿದಂತಾಯಿತು.

ಫ್ಯಾನಿನ ಗುಂಯ್ ತೆಗೆಯುವುದು ಮಾತ್ರ ಈ ದಾರಿಯಲ್ಲಿ ಆಗುವುದಿಲ್ಲ. ಅದಕ್ಕೆ ಫೈಲ್ ಬಿಡಿಸಲೇಬೇಕು. ಬಿಡಿಸಿದರೆ ಎಲ್ಲ ಕೆಲಸವನ್ನೂ ಏನನ್ನೂ ಬಿಸಾಡದ ವೇವ್ ಅಥವಾ ಫ್ಲ್ಯಾಕ್‌ನಲ್ಲಿ ಮುಗಿಸಿ, ಕೊನೆಗೆ ಒಂದೇ ಸಲ, ಹೆಚ್ಚಿನ ಬಿಟ್‌ರೇಟ್‌ನಲ್ಲಿ ಎಂಪಿ3 ಮಾಡಬೇಕು. ನಾಲ್ಕು ಗಂಟೆಯ ವೇವ್ ಎರಡೂವರೆ ಜಿಬಿ ಆಗುತ್ತದೆ, ಲ್ಯಾಪ್‌ಟಾಪ್‌ನಲ್ಲಿ ಜಾಗ ಮಾಡುತ್ತೇನೆ ಅಂದೆ. ಮಾವ ಇಯರ್‌ಫೋನ್ ತೆಗೆಯಲೇ ಇಲ್ಲ.

"ಫ್ಯಾನ್ ಇರಲಿ ಬಿಡು. ಅವತ್ತು ಸೆಕೆ ಜಾಸ್ತಿ ಇತ್ತು."