ಮೂರು ಬೆರಳು ಮೇಲೆ, ಮೂರು ಬೆರಳು ಕೆಳಗೆ

ಮೈಸೂರಿನ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸಿ ಬೆಳೆದವನು ನಾನು. ಈಗ ಇರುವುದು ಅಮೆರಿಕದ ನ್ಯಾಶ್‌ವಿಲ್‌ನಲ್ಲಿ. ಹಗಲು ಕಂಪ್ಯೂಟರ್ ಕೆಲಸ, ಶನಿವಾರ ಪಿಯಾನೋ. ಒಮ್ಮೆ ಊರಾಚೆಯ ಚಿಕ್ಕ ಥಿಯೇಟರಿನಲ್ಲಿ ಕಂಟ್ರಿ ಅಂದ್ರೆ ಅಮೆರಿಕದ ಹಳ್ಳಿಸೊಗಡಿನ ಹಾಡು ಹಾಡುವ ಐವರು ಹಿರಿಯ ಗಾಯಕಿಯರ ಶೋ ಇತ್ತು. ಪಿಯಾನೋದವರಿಗೆ ಹುಷಾರಿಲ್ಲ, ಮೂರು ದಿನ ಮುಂಚೆ ನನಗೆ ಫೋನ್ ಬಂತು. ಗಾಯಕಿಯರಲ್ಲಿ ಎಪ್ಪತ್ತು ದಾಟದವರು ಒಬ್ಬರೂ ಇರಲಿಲ್ಲ.

ರಿಹರ್ಸಲ್ ಅಂತ ನಡೆದದ್ದು ಮಧ್ಯಾಹ್ನ ಒಂದು ಗಂಟೆ ಮಾತು, ಕಾಫಿ. ಕೈಗೆ ಬಂದ ಚಾರ್ಟ್, ಅಂದ್ರೆ ಹಾಡಿಗೆ ಏನು ನುಡಿಸಬೇಕೆಂದು ಬರೆದದ್ದು, ಅರ್ಧ ಹಾಳೆ. ಅದರಲ್ಲಿ ಬರೀ ಅಂಕಿಗಳು: 1 1 4 1, 1 1 5 5. ಇದೇ ನ್ಯಾಶ್‌ವಿಲ್ ನಂಬರ್ ಸಿಸ್ಟಮ್. 1 ಅಂದ್ರೆ ಷಡ್ಜದ ಮೇಲೆ ಕಟ್ಟಿದ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು), 4 ಮಧ್ಯಮದ್ದು, 5 ಪಂಚಮದ್ದು. ಸ, ಮ, ಪ ಅಲ್ವಾ! ಶ್ರುತಿ ಎಷ್ಟು ಇಳಿದರೂ ಹಾಳೆ ಅದೇ. ಇದರ ಬೆಲೆ ಗೊತ್ತಾದದ್ದು ಸಂಜೆ. ಒಬ್ಬರು ಬಂದವರೇ "ಇವತ್ತು ಗಂಟಲು ಭಾರ, ಅರ್ಧ ಮನೆ ಇಳಿಸಿಬಿಡಿ" ಅಂದರು. ಯಾರೂ ಪೆನ್ಸಿಲ್ ಕೂಡ ಮುಟ್ಟಲಿಲ್ಲ.

ನನಗೆ ಕಷ್ಟವಾದದ್ದು ಸುಮ್ನೆ ಇರುವುದು. ಆರ್ಕೆಸ್ಟ್ರಾದಲ್ಲಿ ನಾವು ಖಾಲಿ ಜಾಗ ಕಂಡರೆ ತುಂಬುತ್ತೇವೆ. ಇಲ್ಲಿ ಹಾಡಿನ ಮಾತಿನ ಮೇಲೆ ಏನೂ ಬೀಳಬಾರದು. ಸಾಲು ಮುಗಿದ ಮೇಲಿನ ಸಣ್ಣ ಸಂದಿಯಲ್ಲಿ ಒಂದೇ ವಾದ್ಯ: ಮೊದಲ ಚರಣಕ್ಕೆ ಸ್ಟೀಲ್ ಗಿಟಾರ್, ಎರಡನೆಯದಕ್ಕೆ ಪಿಯಾನೋ. ಅಲ್ಲೂ ನಾನು ಬಳಸಿದ್ದು ನ್ಯಾಶ್‌ವಿಲ್‌ನ ಪಿಯಾನೋ ವಾದಕ ಫ್ಲಾಯ್ಡ್ ಕ್ರೇಮರ್ ಜನಪ್ರಿಯಗೊಳಿಸಿದ ಸ್ಲಿಪ್ ನೋಟ್. ಕೆಳಗಿನ ಸ್ವರ ತಾಗಿ ಮೇಲಿನದಕ್ಕೆ ಜಾರುವುದು. ನಮ್ಮ ಜಾರು ಗಮಕದ ಬಡ ನೆಂಟ ಅನ್ನಿ. ವಯಸ್ಸಾದ ಗಾಯಕಿಯರು ಎಲ್ಲೆಂದರಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ. ಹಾಗಾಗಿ ನಾನು ಡ್ರಮ್ಮರ್‌ನನ್ನು ಬಿಟ್ಟು ಅವರ ಭುಜ ನೋಡುತ್ತಿದ್ದೆ. ಭುಜ ಏರಿದರೆ ಕಾಯಬೇಕು.

ಈ ವೇದಿಕೆ ಅವರಿಗೆ ಸುಲಭಕ್ಕೆ ಸಿಕ್ಕಿದ್ದಲ್ಲ. ಹಿಂದೆ ಟೂರ್‌ಗಳಲ್ಲಿ ಗಂಡಸರ ನಡುವೆ ಒಬ್ಬ 'ಗರ್ಲ್ ಸಿಂಗರ್' ಇದ್ದರೆ ಸಾಕಿತ್ತು. ಒಬ್ಬ ಹೆಂಗಸಿನ ಹಾಡು ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಸ್ಥಾನಕ್ಕೆ ಬಂದದ್ದೇ 1952ರಲ್ಲಿ, ಕಿಟಿ ವೆಲ್ಸ್ ಅವರದು. ಗ್ರೀನ್ ರೂಮಿನಲ್ಲಿ ಜಾಸ್ತಿ ಕೇಳಿಬಂದ ಹೆಸರು ಜೀನಿ ಸೀಲಿ. 1967ರಲ್ಲಿ ನ್ಯಾಶ್‌ವಿಲ್‌ನ ಹೆಸರಾಂತ ಕಂಟ್ರಿ ರೇಡಿಯೋ ಶೋ ಗ್ರ್ಯಾಂಡ್ ಓಲ್ ಆಪ್ರಿ ಸೇರಿ 5,000ಕ್ಕೂ ಹೆಚ್ಚು ಸಲ ಆ ವೇದಿಕೆ ಹತ್ತಿದವರು, 2025ರ ಆಗಸ್ಟ್‌ನಲ್ಲಿ ತೀರಿಕೊಂಡರು. ಗಂಡಸರೇ ಮಾಡುತ್ತಿದ್ದ ಆಪ್ರಿ ನಿರೂಪಣೆಗೂ ಆಕೆ ಕೈ ಹಾಕಿದ್ದರು.

ಇನ್ನು ನನ್ನ ಎಡವಟ್ಟು. ಇಲ್ಲಿ ಶ್ರುತಿಯನ್ನು ಬೆರಳಲ್ಲಿ ತೋರಿಸುತ್ತಾರೆ. ಬೆರಳು ಮೇಲಕ್ಕಿದ್ದರೆ ಆ ಶ್ರುತಿಯ ಶಾರ್ಪ್‌ಗಳ (ಅರ್ಧ ಮನೆ ಏರಿಸಿದ ಸ್ವರಗಳ) ಲೆಕ್ಕ, ಕೆಳಕ್ಕಿದ್ದರೆ ಫ್ಲ್ಯಾಟ್‌ಗಳದು (ಇಳಿಸಿದವುಗಳದು). ಮೂರು ಮೇಲೆ ಅಂದ್ರೆ 'ಎ' ಶ್ರುತಿ, ಮೂರು ಕೆಳಗೆ ಅಂದ್ರೆ 'ಇ ಫ್ಲ್ಯಾಟ್'. ನಾಲ್ಕನೆಯ ಗಾಯಕಿ ಹಾಸ್ಯ ಹೇಳುತ್ತಲೇ ಬೆನ್ನ ಹಿಂದೆ ಮೂರು ಬೆರಳು ಇಳಿಬಿಟ್ಟರು. ಮಬ್ಬು ಬೆಳಕು, ನನಗೆ ಕಂಡದ್ದು ಬರೀ ಮೂರು. 'ಎ'ಯಲ್ಲಿ ಜೋರಾಗಿ ಶುರು ಮಾಡಿದೆ. ಬ್ಯಾಂಡ್ ಪೂರ್ತಿ 'ಇ ಫ್ಲ್ಯಾಟ್'. ಎರಡರ ನಡುವೆ ಷಡ್ಜಕ್ಕೂ ಪ್ರತಿ ಮಧ್ಯಮಕ್ಕೂ ಇರುವಷ್ಟು ದೂರ. ಎಷ್ಟು ಕರ್ಕಶ ಅಂತ ಹೇಳಬೇಕಾ?

ಆಕೆ ಕೈ ಎತ್ತಿ ಬ್ಯಾಂಡ್ ನಿಲ್ಲಿಸಿದರು. ನಿಧಾನಕ್ಕೆ ನನ್ನ ಕಡೆ ತಿರುಗಿ, ಮೈಕಿನಲ್ಲೇ, "ಈ ಹುಡುಗ ಇಂಡಿಯಾದಿಂದ ಬಂದಿದ್ದಾನೆ. ಇನ್ನೂ ದಾರಿಯಲ್ಲಿದ್ದಾನೆ, ಒಂಚೂರು ಕಾಯೋಣ" ಅಂದರು. ಹಾಲ್ ನಕ್ಕಿತು, ನಾನೂ ನಕ್ಕೆ. ಎರಡನೇ ಸಲ ಸರಿಯಾಗಿ ಬಂತು.

ಶೋ ಮುಗಿದು ವೈರ್ ಸುತ್ತುವಾಗ ಆಕೆ ಲಾಬಿಯಲ್ಲಿ ಕೂತು ಸಿಡಿಗಳಿಗೆ ಸಹಿ ಹಾಕುತ್ತಿದ್ದರು. ನಾನು ಹೊರಡುತ್ತ ಕೈ ಬೀಸಿದೆ. ಪೆನ್ನು ಮೇಜಿನ ಮೇಲಿಟ್ಟು, ಕನ್ನಡಕದ ಮೇಲಿಂದ ನೋಡಿ, ಮೂರು ಬೆರಳು ಕೆಳಗೆ ಮಾಡಿದರು.