ಮ್ಯಾಚ್ ದಿನ ಊಟ ತಲುಪಿಸಿದ್ದು: ನನ್ನ ಅನುಭವ

ಮಲ್ಲೇಶ್ವರದಲ್ಲಿ ನಮ್ಮದೊಂದು ಪುಟ್ಟ ಕೇಟರಿಂಗ್ ಇದೆ. ಇನ್‌ಫೆಂಟ್ರಿ ರೋಡ್, ಕಬ್ಬನ್ ರೋಡ್, ಚರ್ಚ್ ಸ್ಟ್ರೀಟ್ ಕಡೆಯ ಆಫೀಸುಗಳಿಗೆ ಮಧ್ಯಾಹ್ನದ ಊಟ ಕಳಿಸುತ್ತೇವೆ. ಗಿರಾಕಿಗಳೆಲ್ಲ ಚಿನ್ನಸ್ವಾಮಿ ಸ್ಟೇಡಿಯಂ ಆಸುಪಾಸಿನವರೇ.

2023ರ ಏಪ್ರಿಲ್ 10, ಸೋಮವಾರ. ರಾತ್ರಿ ಏಳೂವರೆಗೆ ಆರ್‌ಸಿಬಿ ಮತ್ತು ಲಖನೌ ಐಪಿಎಲ್ ಪಂದ್ಯ. ನೈಟ್ ಶಿಫ್ಟಿನ ಆಫೀಸೊಂದಕ್ಕೆ ಊಟ ಕೊಡಬೇಕಿತ್ತು. ನಮ್ಮ ಗೂಡ್ಸ್ ಆಟೋ ಮಿನ್ಸ್ಕ್ ಚೌಕದ ಹತ್ತಿರ ಸಿಕ್ಕಿಹಾಕಿಕೊಂಡು ಒಂದೂವರೆ ಗಂಟೆ ಅಲ್ಲೇ ನಿಂತಿತು. ತಲುಪುವಷ್ಟರಲ್ಲಿ ಚಪಾತಿ ಚರ್ಮದ ಹಾಗಾಗಿತ್ತು. ಹಸಿದು ಕಾದವರ ಮುಂದೆ ಅದನ್ನಿಟ್ಟು ಬಂದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಅದೇ ವರ್ಷದ ವಿಶ್ವಕಪ್‌ನಲ್ಲಿ ಬೆಂಗಳೂರಿಗೆ ಐದು ಪಂದ್ಯ ಸಿಕ್ಕವು. ಒಂದು ಶನಿವಾರ, ಒಂದು ದೀಪಾವಳಿಯ ಭಾನುವಾರ. ಅವೆರಡೂ ದಿನ ನಮಗೆ ರಜೆ. ಚಿಂತೆ ಇದ್ದಿದ್ದು ಉಳಿದ ಮೂರರದ್ದು: ಅಕ್ಟೋಬರ್ 20, 26, ನವೆಂಬರ್ 9. ಮೂರೂ ಮಧ್ಯಾಹ್ನ ಎರಡಕ್ಕೆ ಶುರು. ಅಂದರೆ ಜನ ಬರುವುದು ಸರಿಯಾಗಿ ನಮ್ಮ ಊಟದ ಹೊತ್ತಿಗೆ.

ಒಂದು ವಾರ ಮೊದಲೇ ಎಲ್ಲ ಆಫೀಸಿಗೂ ಫೋನ್ ಮಾಡಿದೆ. ಅವತ್ತು ಎಷ್ಟು ಜನ ಮನೆಯಿಂದಲೇ ಕೆಲಸ ಮಾಡುತ್ತಾರೆ, ಊಟ ಬೇಗ ಬಂದರೆ ಇಟ್ಟುಕೊಳ್ಳುತ್ತೀರಾ ಅಂತ ಕೇಳಿದೆ. ಒಬ್ಬರೂ ಬೇಡ ಅನ್ನಲಿಲ್ಲ. ದಿನಾ ಮುಕ್ಕಾಲು ಹನ್ನೆರಡಕ್ಕೆ ಹೊರಡುತ್ತಿದ್ದ ಗಾಡಿ ಹತ್ತೂಕಾಲಿಗೇ ಹೊರಟಿತು.

ಬೇಗ ಹೊರಟರೆ ಊಟ ಎರಡು ಗಂಟೆಗೂ ಜಾಸ್ತಿ ಡಬ್ಬಿಯಲ್ಲೇ ಇರಬೇಕು. ಅದಕ್ಕೆ ಆ ಮೂರು ದಿನ ಚಪಾತಿ, ಪಲ್ಯ, ಬಜ್ಜಿ ಬಿಟ್ಟೆವು. ಬಿಸಿಬೇಳೆಬಾತು, ಪುಳಿಯೋಗರೆ, ಮೊಸರನ್ನ. ಬಿಸಿಬೇಳೆಬಾತು ಕೂತಷ್ಟೂ ಗಟ್ಟಿಯಾಗುತ್ತೆ, ಹಾಗಾಗಿ ಒಲೆಯಿಂದ ಇಳಿಸುವಾಗ ಪಾಯಸದಷ್ಟು ತೆಳ್ಳಗಿಟ್ಟೆವು. ಮೊಸರನ್ನಕ್ಕೆ ಹಾಲು ಜಾಸ್ತಿ, ಮೊಸರು ನೆಪಕ್ಕೆ ಒಂದು ಸೌಟು. ತಿನ್ನುವ ಹೊತ್ತಿಗೆ ಹದವಾಗಿ ಹುಳಿ ಬಂದಿರುತ್ತೆ.

ಸ್ಟೇಡಿಯಂ ಸುತ್ತ ಗಾಡಿ ನಿಲ್ಲಿಸುವ ಹಾಗಿರಲಿಲ್ಲ. ಮ್ಯೂಸಿಯಂ ರೋಡಿನ ಒಬ್ಬ ಗಿರಾಕಿ, "ನಮ್ಮ ಕಾಂಪೌಂಡಲ್ಲೇ ಹಾಕ್ಕೊಳ್ಳಿ ಅಮ್ಮ" ಅಂದರು. ಅಲ್ಲಿಂದ ತಳ್ಳುಗಾಡಿ. ಮೊದಲ ದಿನ ಚರ್ಚ್ ಸ್ಟ್ರೀಟಿನ ಕಲ್ಲುಹಾಸಿನ ಮೇಲೆ ಚಕ್ರ ಗಡಗಡ ಅಂದು ಸಾರು ಮುಚ್ಚಳದಿಂದ ಹೊರಗೆ ಚೆಲ್ಲಿತು. ಮುಂದಿನ ಸಲ ಪಾತ್ರೆಯ ಬಾಯಿಗೆ ಬಾಡಿಸಿದ ಬಾಳೆಎಲೆ ಹಾಸಿ, ಅದರ ಮೇಲೆ ಮುಚ್ಚಳ ಒತ್ತಿ, ಹಗ್ಗ ಬಿಗಿದೆವು. ಒಂದು ಹನಿಯೂ ಚೆಲ್ಲಲಿಲ್ಲ. ಖಾಲಿ ಪಾತ್ರೆ ತರಲು ಸಂಜೆ ಹೋಗಲೇ ಇಲ್ಲ. ಶಾಮಿಯಾನ ಅಂಗಡಿಯಿಂದ ಇನ್ನೊಂದು ಸೆಟ್ ಬಾಡಿಗೆಗೆ ತಂದು, ಹಳೆಯದನ್ನು ಮಾರನೇ ದಿನ ತಂದೆವು.

ಇಷ್ಟೆಲ್ಲ ಯೋಚನೆ ಮಾಡಿದ ನಾನು ಒಂದು ವಿಷಯದಲ್ಲಿ ಎಡವಿದೆ. ನಮ್ಮಲ್ಲಿ ಅಡುಗೆ ಮಾಡುವ ಅಕ್ಕ ಕೆ.ಆರ್. ಪುರದವರು. ಪರ್ಪಲ್ ಲೈನ್ ಮೆಟ್ರೋ ಅಕ್ಟೋಬರ್ 9ಕ್ಕೆ ಪೂರ್ತಿ ಶುರುವಾಗಿತ್ತು, ಅದರಲ್ಲೇ ಓಡಾಡುತ್ತಿದ್ದರು. ಕಬ್ಬನ್ ಪಾರ್ಕ್, ಎಂ.ಜಿ. ರೋಡ್ ಸ್ಟೇಷನ್ ದಾಟಿಯೇ ಹೋಗಬೇಕು. ಪಂದ್ಯ ಮುಗಿಯುವುದು ರಾತ್ರಿ ಹತ್ತಕ್ಕೆ ಅಲ್ವಾ ಅಂದುಕೊಂಡು, 26ರಂದು ಅವರನ್ನು ಎಂದಿನ ಹೊತ್ತಿಗೇ ಕಳಿಸಿದೆ. ಅವತ್ತು ಇಂಗ್ಲೆಂಡ್ 33.2 ಓವರಿಗೆ 156ಕ್ಕೆ ಆಲೌಟ್. ಶ್ರೀಲಂಕಾ 25.4 ಓವರಲ್ಲಿ ಗೆದ್ದೇಬಿಟ್ಟಿತು. ಆಫೀಸು ಬಿಡುವ ಹೊತ್ತಿಗೇ ಸ್ಟೇಡಿಯಮ್ಮೂ ಖಾಲಿಯಾಯಿತು. ಅಕ್ಕ ಮನೆ ತಲುಪಿ ಫೋನ್ ಮಾಡಿದರು. "ಉಸಿರಾಡೋಕೂ ಜಾಗ ಇರಲಿಲ್ಲಮ್ಮ, ಟಿಫಿನ್ ಬ್ಯಾಗು ತಲೆ ಮೇಲಿಟ್ಕೊಂಡು ನಿಂತಿದ್ದೆ." ಬೆಳಗಿನ ಜಾವ ಐದಕ್ಕೆ ಎದ್ದು ಬಂದ ಹೆಂಗಸು. ಊಟದ ಡಬ್ಬಿಗೆ ತೋರಿಸಿದ ಕಾಳಜಿಯನ್ನು ಅವರಿಗೆ ತೋರಿಸಲಿಲ್ಲವಲ್ಲ ಅಂತ ಬಹಳ ಸಂಕಟವಾಯಿತು.

ನವೆಂಬರ್ 9ಕ್ಕೆ ಅಡುಗೆಮನೆಯಲ್ಲಿ ಸ್ಕೋರ್ ನೋಡುವ ಕೆಲಸವನ್ನು ಆಟೋ ಹುಡುಗನಿಗೆ ಒಪ್ಪಿಸಿದೆ. ಶ್ರೀಲಂಕಾ ವಿಕೆಟ್ ಒಂದರ ಹಿಂದೆ ಒಂದು ಬೀಳುತ್ತಿದ್ದ ಹಾಗೇ, ಪಾತ್ರೆ ತೊಳೆಯುವುದನ್ನು ನಾಳೆಗೆ ಬಿಟ್ಟು ಎಲ್ಲರನ್ನೂ ಮನೆಗೆ ಕಳಿಸಿದೆ. ಅವತ್ತೂ ಪಂದ್ಯ ಬೇಗ ಮುಗಿಯಿತು. ನ್ಯೂಜಿಲೆಂಡ್‌ಗೆ 23.2 ಓವರೇ ಸಾಕಾಯಿತು. ಅಷ್ಟು ಹೊತ್ತಿಗೆ ಅಕ್ಕ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದರಂತೆ.

ಈಗ ನಮ್ಮ ಗೋಡೆ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿಯ ಜೊತೆಗೆ ಚಿನ್ನಸ್ವಾಮಿಯ ಪಂದ್ಯಗಳನ್ನೂ ಕೆಂಪು ಪೆನ್ನಲ್ಲಿ ಗುರುತು ಹಾಕುತ್ತೇವೆ. ಗುರುತು ಹಾಕುವವರು ಅಕ್ಕನೇ.